ಕನ್ನಡ ಪಿಡಿಎಫ್ ಜಾಸ್ತಿ ಓದೋರಿಗೆ ಯಾವ ಇ-ಇಂಕ್ ರೀಡರ್ ಒಳ್ಳೇದು?

ಓದುಗುಳಿ_ಶಿವಮೊಗ್ಗ:

ಎಲ್ರಿಗೂ ನಮಸ್ಕಾರ. ರಾತ್ರಿ ಊಟ ಆದ್ಮೇಲೆ ಮೊಬೈಲಲ್ಲೇ ಓದೋದು ರೂಢಿ ಆಗ್ಬಿಟ್ಟಿದೆ, ಕಣ್ಣು ಉರಿಯುತ್ತೆ, ಅದ್ರ ಮೇಲೆ ಅರ್ಧ ಪುಟ ಮುಗಿಯೋಷ್ಟ್ರಲ್ಲಿ ಯಾವ್ದೋ ಗ್ರೂಪಲ್ಲಿ ಗುಡ್ ನೈಟ್ ಫೋಟೋ ಬರುತ್ತೆ, ಓದು ಅಲ್ಲಿಗೆ ಢಮಾರ್. ಅದಕ್ಕೇ ಓದೋಕೆ ಅಂತಲೇ ಒಂದು ಇ-ಇಂಕ್ ರೀಡರ್ (ಕಾಗದದ ಥರ ಕಾಣೋ ಸ್ಕ್ರೀನಿನ, ಪುಸ್ತಕ ಓದೋ ಮಷೀನು) ತಗೋಳೋಣ ಅಂತಿದೀನಿ. ಬಜೆಟ್ 20,000 ಆಸುಪಾಸು, ನಿಜವಾಗ್ಲೂ ಉಪಯೋಗಕ್ಕೆ ಬರುತ್ತೆ ಅಂದ್ರೆ ಸ್ವಲ್ಪ ಮೇಲೆ ಹೋದ್ರೂ ಪರ್ವಾಗಿಲ್ಲ.

ನಾನು ಓದೋದ್ರಲ್ಲಿ ಅರ್ಧಕ್ಕಿಂತ ಜಾಸ್ತಿ ಇಂಟರ್ನೆಟ್ ಆರ್ಕೈವ್ ಸೈಟಿಂದ ಇಳಿಸ್ಕೊಂಡ ಹಳೇ ಕನ್ನಡ ಪುಸ್ತಕಗಳ ಸ್ಕ್ಯಾನ್. ಆಮೇಲೆ ಇಂಗ್ಲಿಷ್ ಕಾದಂಬರಿ. ಹೊಸ ಕನ್ನಡ ಪುಸ್ತಕ ಒಂದಷ್ಟು ಮೈಲ್ಯಾಂಗ್ ಆಪಲ್ಲಿ ದುಡ್ಡು ಕೊಟ್ಟು ತಗೊಂಡಿದೀನಿ. ಅಪ್ಪನೂ ಓದ್ತಾರೆ, ಅವ್ರಿಗೆ ಅಕ್ಷರ ದಪ್ಪ ಇರ್ಬೇಕು. ಅಂಗಡಿಯವ್ರು ಅಮೆಜಾನಿನ ಕಿಂಡಲ್ ಬಿಟ್ಟು ಬೇರೆ ಹೆಸ್ರೇ ಹೇಳಲ್ಲ, ಆಫೀಸಲ್ಲಿ ಒಬ್ರು ಕಿಂಡಲಲ್ಲಿ ಕನ್ನಡನೇ ಬರಲ್ಲ ಅಂತಾರೆ. ಯಾರು ಹೇಳೋದು ಸರಿ? ಕಲರ್ ಇರೋದು ತಗೋಬೇಕಾ?

ಕಾಫಿ_ಕಪ್ಪು:

ಕಿಂಡಲ್ ಪೇಪರ್‌ವೈಟ್ ತಗೊಳ್ಳಿ ಗುರು, ತಲೆ ಕೆಡಿಸ್ಕೋಬೇಡಿ. 2024ರ ಮಾಡೆಲಲ್ಲಿ ಸ್ಕ್ರೀನ್ 7 ಇಂಚು, 300 ಪಿಪಿಐ (ಒಂದು ಇಂಚಿಗೆ 300 ಚುಕ್ಕಿ), ಲೈಟನ್ನ ಹಳದಿ ಕಡೆಗೆ ತಿರುಗಿಸ್ಕೋಬಹುದು, ನೀರು ಬಿದ್ರೂ ಏನಾಗಲ್ಲ, ತೂಕ 211 ಗ್ರಾಂ. ಚಾರ್ಜ್ ಮಾಡಿದ್ದೇ ಮರ್ತೋಗುತ್ತೆ, ಯಾಕಂದ್ರೆ ಇ-ಇಂಕ್ ಪುಟ ತಿರುಗಿಸುವಾಗ ಮಾತ್ರ ಕರೆಂಟ್ ತಿನ್ನುತ್ತೆ, ಸುಮ್ನೆ ಪುಟ ತೋರಿಸ್ತಾ ಇರೋಕೆ ಏನೂ ಬೇಡ. ಇಂಗ್ಲಿಷ್ ಪುಸ್ತಕಕ್ಕೆ ಇದಕ್ಕಿಂತ ಸಲೀಸು ಇನ್ನೊಂದಿಲ್ಲ. ನಾನು ಕನ್ನಡ ಕಾಗದದಲ್ಲೇ ಓದೋದು, ಆ ವಿಷ್ಯ ಬೇರೆಯವ್ರು ಹೇಳ್ಲಿ.

ಡಿಟಿಪಿ_ಅಣ್ಣ:

ಮೇಲಿನವ್ರು ಹೇಳಿದ್ದು ಇಂಗ್ಲಿಷಿಗೆ ನೂರಕ್ಕೆ ನೂರು ಸರಿ. ಆದ್ರೆ ಓದುಗುಳಿಯವ್ರೇ, ನಿಮ್ಮ ಪ್ರಶ್ನೆಗೆ ಉತ್ತರ ಕಂಪನಿ ಹೆಸರಲ್ಲಿಲ್ಲ, ನಿಮ್ಮ ಹತ್ರ ಇರೋ ಫೈಲಲ್ಲಿದೆ. ನಾನು ಪುಸ್ತಕಗಳಿಗೆ ಪುಟ ಕೂರಿಸೋ ಕೆಲ್ಸ ಮಾಡೋನು, ಅದಕ್ಕೇ ಇಂಚು ಲೆಕ್ಕದಲ್ಲೇ ಹೇಳ್ತೀನಿ.

ಕನ್ನಡ ಪುಸ್ತಕದ ಮೊದಲ್ನೇ ಪುಟಗಳಲ್ಲಿ ಡೆಮಿ 1/8 ಅಂತ ಹಾಕಿರ್ತಾರಲ್ಲ, ಅದು ಹೆಚ್ಚುಕಮ್ಮಿ ಐದೂವರೆಗೆ ಎಂಟೂವರೆ ಇಂಚು. ಸುತ್ತ ಮಾರ್ಜಿನ್ ತೆಗೆದ್ರೆ ಅಕ್ಷರ ಇರೋ ಜಾಗ ಸುಮಾರು 4.25 ಅಗಲ, 7 ಇಂಚು ಎತ್ತರ. ಈಗ ರೀಡರ್ ಸ್ಕ್ರೀನ್ ನೋಡಿ. 6 ಇಂಚು ಅನ್ನೋದು ಮೂಲೆಯಿಂದ ಮೂಲೆಗೆ, ಅದ್ರ ಎತ್ತರ 4.8 ಇಂಚು ಅಷ್ಟೇ. ಅಂದ್ರೆ ಮಾರ್ಜಿನ್ ಪೂರ್ತಿ ಕತ್ತರಿಸಿದ್ರೂ ಪುಟ ಶೇ. 70ಕ್ಕೆ ಕುಗ್ಗುತ್ತೆ, 12 ಪಾಯಿಂಟ್ ಅಕ್ಷರ 8 ಪಾಯಿಂಟ್ ಚಿಲ್ರೆ ಆಯ್ತು. ಇಂಗ್ಲಿಷಲ್ಲಿ 8 ಪಾಯಿಂಟ್ ಹೇಗೋ ಓದ್ಬಹುದು, ಕನ್ನಡದ ಒತ್ತಕ್ಷರ ಆ ಸೈಜಲ್ಲಿ ಇರುವೆ ಆಗ್ಬಿಡುತ್ತೆ, ಅದೂ ಹಳೇ ಮೊಳೆ ಅಚ್ಚಿನ ಮಸಿ ಹರಡಿರೋ ಪುಟ ಆದ್ರೆ ಕೇಳೋದೇ ಬೇಡ. 7 ಇಂಚಿನ ಸ್ಕ್ರೀನಲ್ಲಿ ಶೇ. 80 ಸಿಗುತ್ತೆ, ಕಣ್ಣು ಚೆನ್ನಾಗಿದ್ರೆ ನಡಿಯುತ್ತೆ. 10.3 ಇಂಚಿಗೆ ಹೋದ್ರೆ ಮಾರ್ಜಿನ್ ತೆಗೆದ ಡೆಮಿ ಪುಟ ಅಚ್ಚಿಗಿಂತ ಸ್ವಲ್ಪ ದೊಡ್ಡದಾಗೇ ಕಾಣುತ್ತೆ, ಆದ್ರೆ ದುಡ್ಡು ನಿಮ್ಮ ಬಜೆಟ್ ದಾಟುತ್ತೆ, ತೂಕವೂ ಅಷ್ಟೇ, ಹೆಚ್ಚುಕಮ್ಮಿ ಅದೇ ಅಳತೆಯ ಕಿಂಡಲ್ ಸ್ಕ್ರೈಬ್ 2022ರದ್ದು 433 ಗ್ರಾಂ, ಮಲ್ಕೊಂಡು ಓದೋರ ಮುಖದ ಮೇಲೆ ಬಿದ್ರೆ ಗೊತ್ತಾಗುತ್ತೆ.

ಇದಕ್ಕೊಂದು ಉಪಾಯ ಇದೆ, ಯಾಕೋ ಯಾರೂ ಹೇಳಲ್ಲ. 7 ಇಂಚಿನದ್ದನ್ನೇ ಅಡ್ಡ ತಿರುಗಿಸಿ. ಆಗ ಅಗಲ 5.6 ಇಂಚು ಸಿಗುತ್ತೆ, 4.25 ಇಂಚಿನ ಸಾಲು ಅಚ್ಚಿಗಿಂತ ಶೇ. 30 ದೊಡ್ಡದಾಗಿ ಕೂರುತ್ತೆ, ಒಂದು ಪುಟಕ್ಕೆ ಎರಡು ಸಲ, ಕೆಲವೊಮ್ಮೆ ಮೂರು ಸಲ ಟಕ್ ಅಂತ ಒತ್ತಬೇಕು ಅಷ್ಟೇ. ಅಪ್ಪನಿಗೆ ದಪ್ಪ ಅಕ್ಷರ ಬೇಕು ಅಂದ್ರಲ್ಲ, ಸ್ಕ್ಯಾನ್ ಪುಸ್ತಕದಲ್ಲಿ ಅದಕ್ಕೆ ಇದೇ ದಾರಿ, ಸ್ಕ್ಯಾನ್ ಅಂದ್ರೆ ಫೋಟೋ ಅಲ್ವಾ, ಫಾಂಟ್ ಸೈಜ್ ಗುಂಡಿ ಅಲ್ಲಿ ಕೆಲ್ಸ ಮಾಡಲ್ಲ. ಮಾರ್ಜಿನ್ ಕತ್ತರಿಸೋಕೆ ಕಂಪ್ಯೂಟರಲ್ಲಿ ಬ್ರಿಸ್ ಅಂತ ಪುಕ್ಕಟೆ ತಂತ್ರಾಂಶ ಇದೆ, ಎಲ್ಲಾ ಪುಟ ಒಂದ್ರ ಮೇಲೊಂದು ಹಾಕಿ ತೋರಿಸುತ್ತೆ, ಒಂದು ಚೌಕ ಎಳೆದ್ರೆ ಇಡೀ ಪುಸ್ತಕ ಕತ್ತರಿಸಿ ಕೊಡುತ್ತೆ.

ಇನ್ನೊಂದು. ಆರ್ಕೈವಲ್ಲಿ ಪಿಡಿಎಫ್ ಪಕ್ಕದಲ್ಲೇ ಇಪಬ್ (ಅಕ್ಷರದ ಸೈಜ್ ಬದಲಾಯಿಸ್ಕೋಬಹುದಾದ ಇ-ಪುಸ್ತಕದ ಫೈಲ್) ಅಂತ ಒಂದಿರುತ್ತೆ, ಆಸೆ ಪಡಬೇಡಿ, ಅದು ಮಷೀನು ತಾನೇ ಓದಿ ತಯಾರು ಮಾಡಿದ್ದು, ಯಾರೂ ತಿದ್ದಿರಲ್ಲ. ಒಳ್ಳೇ ಇಪಬ್ ಬೇಕಂದ್ರೆ ಕನ್ನಡ ವಿಕಿಸೋರ್ಸಿಗೆ ಹೋಗಿ, ಹಕ್ಕುಸ್ವಾಮ್ಯ ಮುಗಿದ ಪುಸ್ತಕಗಳನ್ನ ಜನ ಕೂತು ಟೈಪ್ ಮಾಡಿ ತಿದ್ದಿ ಹಾಕಿದಾರೆ, ಅಲ್ಲಿಂದಲೇ ಇಪಬ್ ಇಳಿಸ್ಕೋಬಹುದು.

ಪೇಡಾ_ಧಾರವಾಡ:

ಡಿಟಿಪಿ ಅಣ್ಣಾರು ಹೇಳಿದ ಲೆಕ್ಕ ಖರೇ ಐತ್ರಿ. ನಾ ಬೂಕ್ಸ್ ಕಂಪನಿ ರೀಡರ್ ಬಳಸ್ತೇನಿ, 7 ಇಂಚಿಂದು, ಬಾಜೂಕ ಪುಟ ತಿರುವೋ ಬಟನ್ ಇರೋದು. ಇದು ಅಂದ್ರ ಆಂಡ್ರಾಯ್ಡ್ ರೀ, ಪ್ಲೇ ಸ್ಟೋರ್ ಐತಿ, ನೀವು ದುಡ್ಡ ಕೊಟ್ಟು ತೊಗೊಂಡ ಕನ್ನಡ ಪುಸ್ತಕ ಆಪ್ ಒಳಗ ಅದಾವ ಅಂದ್ರಲ್ಲ, ಅದು ಕಿಂಡಲ್ಲಾಗ ಆಗ್ಲಿ ಕೋಬೋ ಅನ್ನೋ ರೀಡರಿನ್ಯಾಗ ಆಗ್ಲಿ ತೆರಿಯಂಗಿಲ್ಲ, ಅಲ್ಲಿ ಆಪ್ ಹಾಕಾಕ ಜಾಗಾನ ಇಲ್ಲ. ಇಂಥಾದ್ರಾಗ ಹಾಕ್ಕೋಬಹುದು. ಕಿಂಡಲ್ ಆಪೂ ಇದರಾಗ ಹಾಕ್ಕೊಂಡ್ರ ಇಂಗ್ಲಿಷ್ ಪುಸ್ತಕಾನೂ ಬಂದ್ವು.

ಆದ್ರ ಹಾಲಿನಂಗ ಸ್ವಚ್ಛ ಐತಿ ಅಂತ ಸುಳ್ಳ ಹೇಳಂಗಿಲ್ಲ. ಮೊಬೈಲಿಗಂತ ಮಾಡಿದ ಆಪ್ ಇ-ಇಂಕ್ ಮ್ಯಾಲ ಒದ್ದಾಡ್ತಾವ. ಕೆಳಗ ಮ್ಯಾಲ ಸರಸಿದ್ರ ಹಿಂದಿನ ಪುಟದ ನೆರಳು ಉಳಿತೈತಿ, ಬಣ್ಣದ ಬಟನ್ ಎಲ್ಲಾ ಬೂದಿ ಬೂದಿ. ಇ-ಇಂಕ್ ಒಳಗ ಕರಿ ಬಿಳಿ ಕಣ ಇರ್ತಾವಲ್ರೀ, ಅವು ಮ್ಯಾಲ ಕೆಳಗ ಸರಿದಾಡಬೇಕು, ಅದಕ್ಕ ಹೊತ್ತು ಹಿಡಿತೈತಿ. ಸ್ಪೀಡ್ ಮೋಡ್ ಇಟ್ರ ನೆರಳು ಜಾಸ್ತಿ, ಸ್ವಚ್ಛ ಮೋಡ್ ಇಟ್ರ ಪ್ರತಿ ಪುಟಕ್ಕ ಕಣ್ಣು ಮಿಟುಕಿಸಿದಂಗ ಕರಿ ಆಗಿ ಬೆಳ್ಳಗ ಆಗ್ತೈತಿ. ಆಪ್ ಆಪಿಗೂ ಬ್ಯಾರೆ ಬ್ಯಾರೆ ಸೆಟ್ಟಿಂಗ್ ಇಟ್ಕೋಬೇಕು, ಒಮ್ಮೆ ಕುಂತು ಮಾಡಿದ್ರ ಆತು. ಬ್ಯಾಟರಿನೂ ಕಿಂಡಲ್ಲಷ್ಟು ಬರಂಗಿಲ್ಲ, ವೈಫೈ ಬಂದ್ ಇಟ್ರ ಪಾಡ.

ದೊಡ್ಡ ಸ್ಕ್ರೀನ್ ಆಸೆ ಬಿದ್ರ ಒಂದು ಮಾತು. 2024ರಾಗ ಬಂದ ಬೂಕ್ಸ್ ಗೋ 10.3ಕ್ಕ ಲೈಟೇ ಇಲ್ರಿ. ಅಕ್ಷರ ಭಾಳ ಚಂದ, ಕಾಗದದಂಗ, ಖರೇ, ಆದ್ರ ನೀವು ರಾತ್ರಿ ಓದೋರು, ಟೇಬಲ್ ಲ್ಯಾಂಪ್ ಹಚ್ಚಿ ಮನ್ಯಾಗಿನವ್ರ ನಿದ್ದಿ ಕೆಡಸಬೇಕಾಗ್ತೈತಿ.

ಟೊರಾಂಟೊ_ಕನ್ನಡಿಗ:

ಕೋಬೋ ಬಗ್ಗೆ ಯಾರೂ ಹೇಳ್ಲಿಲ್ಲ ಅಂತ ಬರೀತಿದೀನಿ. ಇಲ್ಲಿ ಕೋಬೋನೇ ಜಾಸ್ತಿ, ಕಂಪನಿ ಇದೇ ಊರಿಂದು, ಈಗ ಜಪಾನಿನ ರಾಕುಟೆನ್ ಕೈಲಿದೆ. ಲೈಬ್ರರಿ ಕಾರ್ಡ್ ಇದ್ರೆ ಇಂಗ್ಲಿಷ್ ಪುಸ್ತಕ ನೇರ ರೀಡರಿಗೇ ಎರವಲು ಬರುತ್ತೆ, ಕಿಂಡಲಿಗೆ ಆ ಸೌಲಭ್ಯ ಅಮೆರಿಕದಲ್ಲಿ ಮಾತ್ರ. ನಿಮಗೆ ಅದು ಉಪಯೋಗ ಇಲ್ಲ, ಗೊತ್ತು. ಆದ್ರೆ ಕನ್ನಡಕ್ಕೆ ಕೋಬೋ ಇಷ್ಟ ಆಗೋಕೆ ಕಾರಣ ಬೇರೆ. ಯುಎಸ್‌ಬಿ ಚುಚ್ಚಿದ್ರೆ ಪೆನ್‌ಡ್ರೈವ್ ಥರ ತೆರ್ಕೊಳ್ಳುತ್ತೆ, ಫಾಂಟ್ಸ್ ಅಂತ ಒಂದು ಫೋಲ್ಡರ್ ಮಾಡಿ ನಮಗೆ ಬೇಕಾದ ಕನ್ನಡ ಫಾಂಟ್ ಹಾಕ್ಬಹುದು, ನಾನು ನೋಟೋ ಸೆರಿಫ್ ಕನ್ನಡ ಹಾಕಿದೀನಿ. (ಕಿಂಡಲಲ್ಲೂ 2018ರಿಂದ ಸ್ವಂತ ಫಾಂಟ್ ಹಾಕೋ ವ್ಯವಸ್ಥೆ ಇದೆ, ಅನ್ಯಾಯ ಮಾಡಬಾರ್ದು.) ಕೋಬೋದಲ್ಲಿ ಪುಟ ತೋರಿಸೋ ಎಂಜಿನ್ ಎರಡಿವೆ, ಮಾಮೂಲಿ ಇಪಬ್‌ಗೊಂದು, ಅವರದೇ ಕೆಇಪಬ್‌ಗೊಂದು, ಒಂದರಲ್ಲಿ ಒತ್ತಕ್ಷರ ಒಡೆದ್ರೆ ಅದೇ ಪುಸ್ತಕ ಇನ್ನೊಂದಕ್ಕೆ ಬದಲಾಯಿಸಿ ನೋಡಿ.

ಅದಕ್ಕಿಂತ ದೊಡ್ಡದು ಕೊರೀಡರ್ ಅನ್ನೋ ಪುಸ್ತಕ ಓದೋ ತಂತ್ರಾಂಶ. ಪುಕ್ಕಟೆ, ಓಪನ್ ಸೋರ್ಸ್. ಕೋಬೋದಲ್ಲಿ ಹಾಕೋದು ಸುಲಭ, ಆಂಡ್ರಾಯ್ಡಲ್ಲಿ ಇನ್ನೂ ಸುಲಭ, ಕಿಂಡಲಲ್ಲಿ ಮಾತ್ರ ಜೈಲ್‌ಬ್ರೇಕ್ (ಕಂಪನಿ ಹಾಕಿರೋ ಬೀಗ ಮುರಿಯೋದು) ಮಾಡ್ಬೇಕು, ಅಪ್ಪನಿಗೆ ಕೊಡೋ ಮಷೀನಿಗೆ ಆ ಕೆಲ್ಸ ಬೇಡ. ಇದು ಪಿಡಿಎಫ್ ಮಾರ್ಜಿನ್ ತಾನೇ ಕತ್ತರಿಸುತ್ತೆ, ಮಾಸಲು ಸ್ಕ್ಯಾನನ್ನ ಕಪ್ಪು ಮಾಡುತ್ತೆ, ಅದಕ್ಕೂ ಮೇಲೆ ಸ್ಕ್ಯಾನ್ ಪುಟದ ಪದಗಳನ್ನ ಚಿತ್ರದ ತುಂಡು ಥರ ಕತ್ತರಿಸಿ ದೊಡ್ಡದು ಮಾಡಿ ಹೊಸ ಸಾಲಾಗಿ ಜೋಡಿಸುತ್ತೆ, ಯಾವ ಭಾಷೆ ಅಂತ ಅದಕ್ಕೆ ಗೊತ್ತಿರಬೇಕಾಗಿಲ್ಲ. ಸಾಲುಗಳ ಮಧ್ಯೆ ಜಾಗ ಇರೋ ಪುಸ್ತಕದಲ್ಲಿ ಮಸ್ತ್ ಕೆಲಸ ಮಾಡುತ್ತೆ. ಒತ್ತೊತ್ತಾಗಿ ಅಚ್ಚು ಹಾಕಿರೋ ಹಳೇ ಪುಸ್ತಕದಲ್ಲಿ ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ಗುಡಿಸಿಗೆ ತಗಲಿರುತ್ತಲ್ಲ, ಆಗ ಎರಡು ಸಾಲನ್ನ ಒಂದೇ ಅಂದ್ಕೊಂಡು ಕಲಸಿಬಿಡುತ್ತೆ. ಆಗ ಡಿಟಿಪಿ ಅಣ್ಣ ಹೇಳಿದ ಹಾಗೆ ಅಡ್ಡ ತಿರುಗಿಸೋದೇ ವಾಸಿ.

ನಿಘಂಟೂ ಹಾಕ್ಕೋಬಹುದು, ಸ್ಟಾರ್‌ಡಿಕ್ಟ್ ಅನ್ನೋ ಫೈಲ್ ರೂಪದಲ್ಲಿರೋದು ಯಾವುದಾದ್ರೂ ಸರಿ. ವಿ. ಕೃಷ್ಣ ಅವರು ದಶಕಗಳ ಕಾಲ ಕೂತು ಮಾಡಿದ ಅಲರ್ ಕನ್ನಡ-ಇಂಗ್ಲಿಷ್ ಕೋಶ 2019ರಿಂದ ಮುಕ್ತವಾಗಿದೆ, ಒಂದೂವರೆ ಲಕ್ಷದ ಮೇಲೆ ಪದ ಇವೆ, ಆನ್‌ಲೈನ್‌ನಲ್ಲಿ ಬಳಸಿದ್ರೂ ಸಾಕು.

ತೊಂದ್ರೆ ಏನಪ್ಪಾ ಅಂದ್ರೆ ಭಾರತದಲ್ಲಿ ಕೋಬೋ ಬೇಕಂದ್ರೆ ಯಾರಾದ್ರೂ ಹೊರಗಿಂದ ತರಬೇಕು ಇಲ್ಲಾ ಆಮದು ಮಾಡಿ ಮಾರೋರ ಹತ್ರ ಹೆಚ್ಚಿಗೆ ದುಡ್ಡು ಕೊಡಬೇಕು, ಕೆಟ್ರೆ ವಾರಂಟಿ ನಂಬ್ಕೊಂಡು ಕೂರೋ ಹಾಗಿಲ್ಲ.

ಓದುಗುಳಿ_ಶಿವಮೊಗ್ಗ:

ಅಬ್ಬಾ, ಇಷ್ಟೆಲ್ಲ ಇದೆ ಅಂತ ಗೊತ್ತೇ ಇರ್ಲಿಲ್ಲ, ಎಲ್ರಿಗೂ ಥ್ಯಾಂಕ್ಸ್. ಎರಡು ಡೌಟು. ಆಫೀಸಿನವ್ರು ಹೇಳಿದ ಕಿಂಡಲಲ್ಲಿ ಕನ್ನಡ ಬರಲ್ಲ ಅನ್ನೋದು ಹಾಗಾದ್ರೆ ಸುಳ್ಳಾ? ಇನ್ನೊಂದು, ನನ್ನ ಹತ್ರ ಸ್ಕ್ಯಾನ್ ಅಲ್ದೇ ಇರೋ ಕೆಲವು ಪಿಡಿಎಫ್ ಇವೆ, ಅಕ್ಷರ ನೀಟಾಗಿ ಕಾಣುತ್ತೆ, ಆದ್ರೆ ಕ್ಯಾಲಿಬರ್ ಅನ್ನೋ ಇ-ಪುಸ್ತಕ ತಂತ್ರಾಂಶದಲ್ಲಿ ಇಪಬ್ ಮಾಡಿದ್ರೆ ಏನೇನೋ ಇಂಗ್ಲಿಷ್ ಅಕ್ಷರ, ಚಿಹ್ನೆ ಬರುತ್ತೆ. ಫೈಲ್ ಹಾಳಾಗಿದೆಯಾ?

ಡಿಟಿಪಿ_ಅಣ್ಣ:

ಫೈಲ್ ಹಾಳಾಗಿಲ್ಲ, ಅದು ನಮ್ಮಂಥೋರು ಮಾಡಿದ್ದು 😄 ನುಡಿ, ಬರಹ ತಂತ್ರಾಂಶಗಳ ಹಳೇ ಫಾಂಟ್‌ಗಳಲ್ಲಿ ಕೂರಿಸಿದ ಪುಸ್ತಕ ಅದು. ಆ ಫಾಂಟ್‌ಗಳು ಇಂಗ್ಲಿಷ್ ಅಕ್ಷರದ ಜಾಗದಲ್ಲಿ ಕನ್ನಡದ ಚೂರು ಇಟ್ಕೊಂಡಿರುತ್ತೆ, ಕಣ್ಣಿಗೆ ಕನ್ನಡ, ಕಂಪ್ಯೂಟರಿಗೆ ಕಸ. ಪ್ರೆಸ್ಸುಗಳಲ್ಲಿ ಇವತ್ತಿಗೂ ಹೀಗೇ ನಡೀತಿದೆ, ಹಳೇ ಪೇಜ್‌ಮೇಕರ್‌ಗೆ ಯುನಿಕೋಡ್ (ಎಲ್ಲಾ ಕಂಪ್ಯೂಟರಿಗೂ ಅರ್ಥ ಆಗೋ ಅಕ್ಷರ ಪದ್ಧತಿ) ಕನ್ನಡ ಬರಲ್ಲ, ಅಭ್ಯಾಸ ಬಿಡೋಕೆ ಯಾರಿಗೂ ಪುರುಸೊತ್ತಿಲ್ಲ. ಅಕ್ಷರ ಕಾಪಿ ಮಾಡಿ ಆಸ್ಕಿಯಿಂದ (ಅಂದ್ರೆ ಈ ಹಳೇ ಫಾಂಟ್ ಪದ್ಧತಿಯಿಂದ) ಯುನಿಕೋಡಿಗೆ ಬದಲಾಯಿಸೋ ಪರಿವರ್ತಕದಲ್ಲಿ ಹಾಕಿ, ಆನ್‌ಲೈನಲ್ಲೇ ಪುಕ್ಕಟೆ ಸಿಗುತ್ತೆ. ಬಂದಿದ್ದನ್ನ ವರ್ಡ್ ಫೈಲ್ ಮಾಡಿ ಕ್ಯಾಲಿಬರಿಗೆ ಕೊಡಿ. ಆಮೇಲೆ ಒಂದ್ಸಲ ಕಣ್ಣಾಡಿಸ್ಬೇಕು, ಅರ್ಕಾವತ್ತು ಅಲ್ಲಲ್ಲಿ ತಪ್ಪಿರುತ್ತೆ, ಪ್ರತಿ ಸಾಲಿನ ಕೊನೇಲಿ ಪ್ಯಾರಾ ಮುರಿದಿರುತ್ತೆ. ತುಂಬ ಇಷ್ಟದ ಪುಸ್ತಕ ಆದ್ರೆ ಮಾತ್ರ ಈ ಉಸಾಬರಿ, ಇಲ್ಲಾಂದ್ರೆ ಸ್ಕ್ಯಾನ್ ಥರಾನೇ ಓದ್ಕೊಳ್ಳಿ.

ಕಿಂಡಲ್ ವಿಷ್ಯ. ಸುಳ್ಳೂ ಅಲ್ಲ, ಪೂರ್ತಿ ನಿಜವೂ ಅಲ್ಲ. ಅಮೆಜಾನ್ 2016ರಲ್ಲಿ ಹಿಂದಿ, ತಮಿಳು, ಮರಾಠಿ, ಗುಜರಾತಿ, ಮಲಯಾಳಂ ಪುಸ್ತಕ ಮಾರೋಕೆ ಶುರು ಮಾಡ್ತು, ಆ ಪಟ್ಟೀಲಿ ಕನ್ನಡ ಇರ್ಲಿಲ್ಲ. ನಮ್ಮ ಪ್ರಕಾಶಕರು ಆಪ್‌ಗಳ ಕಡೆ ಹೋಗಿದ್ದಕ್ಕೆ ಇದೂ ಒಂದು ಕಾರಣ ಅಂತ ನನ್ನ ಅನಿಸಿಕೆ. ಅಂಗಡೀಲಿ ಇಲ್ಲ ಅನ್ನೋದು ಬೇರೆ, ನಮ್ಮ ಫೈಲ್ ನಾವು ಹಾಕ್ಕೊಂಡು ಓದೋದು ಬೇರೆ. ಇಪಬ್ ಫೈಲನ್ನ 2022ರಿಂದ ಸೆಂಡ್ ಟು ಕಿಂಡಲ್ ಅನ್ನೋ ಅಮೆಜಾನ್ ಸೇವೆಯಲ್ಲಿ ನೇರ ಕಳಿಸ್ಬಹುದು.

ದುಡ್ಡು ಹಾಕೋ ಮುಂಚೆ ಯಾರ ಹತ್ರ ಇದ್ಯೋ ಅವರ ರೀಡರಲ್ಲಿ ಈ ಸಾಲು ಹಾಕಿ ನೋಡಿ, ಯಾವ ಕಂಪನಿದಾದ್ರೂ ಸರಿ:

ಸ್ವಾತಂತ್ರ್ಯ, ರಾಷ್ಟ್ರ, ಸ್ತ್ರೀ, ಲಕ್ಷ್ಮೀ, ಜ್ಞಾನ, ಸೂರ್ಯ, ಕೀರ್ತಿ, ಫೇಸ್‌ಬುಕ್, ಮಾಡಬೇಕಾಗಿದೆಯೆಂಬುದನ್ನು.

ಸ್ವಾತಂತ್ರ್ಯದಲ್ಲಿ ಒತ್ತು ಕೆಳಗೆ ಇಳಿದಿರ್ಬೇಕು, ಸೂರ್ಯದಲ್ಲಿ ಅರ್ಕಾವತ್ತು ಬಲಕ್ಕೆ ಬಂದಿರ್ಬೇಕು, ಫೇಸ್‌ಬುಕ್‌ನಲ್ಲಿ ಬ ಒತ್ತಾಗಿ ಕೆಳಗೆ ಹೋಗ್ಬಾರ್ದು. ಕೊನೇ ಪದ ಯಾಕೆ ಅಂದ್ರೆ, ಅಕ್ಷರ ದಪ್ಪ ಮಾಡಿದಾಗ ನಮ್ಮ ಉದ್ದುದ್ದ ಪದ ಒಂದು ಸಾಲಲ್ಲಿ ಎರಡೇ ಹಿಡಿಯುತ್ತೆ, ಎರಡೂ ಅಂಚು ಸಮ ಮಾಡೋ ಸೆಟ್ಟಿಂಗ್ ಇದ್ರೆ ಮಧ್ಯದಲ್ಲಿ ಬಸ್ಸು ಹೋಗೋಷ್ಟು ಜಾಗ ಬಿಡುತ್ತೆ. ಎಡಕ್ಕೆ ಮಾತ್ರ ಜೋಡಿಸೋ ಸೆಟ್ಟಿಂಗ್ ಸಿಗುತ್ತಾ ನೋಡ್ಕೊಳ್ಳಿ. ಅಪ್ಪನಿಗೆ ಇದು ಮುಖ್ಯ.

ಪುಟಾಣಿ_ಅಮ್ಮ:

ನಡುವೆ ಬಾಯಿ ಹಾಕ್ತೀನಿ, ಕಲರ್ ಬಗ್ಗೆ ಯಾರೂ ಹೇಳ್ಲೇ ಇಲ್ಲ. ಮಗಳಿಗೆ ಸ್ಟೋರಿವೀವರ್‌ನ ಕನ್ನಡ ಚಿತ್ರಕಥೆ ಓದಿ ಹೇಳ್ತೀನಿ, ಪ್ರಥಮ್ ಬುಕ್ಸಿನವ್ರದ್ದು, ಪುಕ್ಕಟೆ ಇಳಿಸ್ಕೋಬಹುದಲ್ಲ ಅದು. ಅದಕ್ಕೆ ಕಲರ್ ಇ-ಇಂಕ್ ಆಗುತ್ತಾ?

ಟೊರಾಂಟೊ_ಕನ್ನಡಿಗ:

ಮೇಡಂ, ಆಗುತ್ತೆ, ಆದ್ರೆ ಟಿವಿ ಬಣ್ಣ ನಿರೀಕ್ಷೆ ಮಾಡ್ಬೇಡಿ. ನಮ್ಮನೇಲಿ ಕೋಬೋ ಲಿಬ್ರಾ ಕಲರ್ ಇದೆ. ಕಪ್ಪು ಬಿಳುಪು ಸ್ಕ್ರೀನ್ ಮೇಲೆ ಬಣ್ಣದ ಜಾಲರಿ ಹಾಸಿರೋ ತಂತ್ರ ಅದು, ಅಕ್ಷರ 300 ಪಿಪಿಐ ಇದ್ರೂ ಬಣ್ಣ 150 ಮಾತ್ರ. ಹಳೇ ಕ್ಯಾಲೆಂಡರ್ ಬಿಸಿಲಿಗೆ ಮಾಸಿದ ಹಾಗೆ ಕಾಣುತ್ತೆ. ಜಾಲರಿ ಇರೋದ್ರಿಂದ ಹಿನ್ನೆಲೆ ಬಿಳುಪೂ ಒಂದು ಮಟ್ಟ ಮಂಕು, ಹಗಲಲ್ಲೂ ಲೈಟ್ ಹಾಕ್ಕೊಂಡೇ ಓದ್ಬೇಕು ಅನ್ಸುತ್ತೆ. ಮಕ್ಕಳ ಚಿತ್ರಕಥೆಗೆ ಮನೇಲಿರೋ ಟ್ಯಾಬೇ ಚೆಂದ, ಇಲ್ಲಾ ಪ್ರಿಂಟ್ ಹಾಕ್ಸಿ ಕೊಡಿ, ಹರಿದ್ರೂ ಬೇಜಾರಿಲ್ಲ. ಓದುಗುಳಿಯವ್ರಿಗಂತೂ ಕಲರ್ ಬೇಡ್ವೇ ಬೇಡ, ಮಾಸಿದ ಸ್ಕ್ಯಾನ್ ಮಂಕು ಸ್ಕ್ರೀನಲ್ಲಿ ಇನ್ನೂ ಮಾಸುತ್ತೆ.

ಕಾಫಿ_ಕಪ್ಪು:

ಇಷ್ಟು ಓದಿದ್ಮೇಲೆ ನಾನೂ ನಂದನ್ನ ಅಡ್ಡ ತಿರುಗಿಸಿ ಒಂದು ಕನ್ನಡ ಪಿಡಿಎಫ್ ಹಾಕ್ದೆ. ಓದ್ಬಹುದು ಮಾರಾಯ್ರೆ! ಆರ್ಕೈವ್ ಪಿಡಿಎಫ್ ಮಾತ್ರ ಪುಟ ತಿರುಗಿಸೋಕೆ ಯುಗ ತಗೊಳ್ಳುತ್ತಲ್ಲ, ಯಾಕೆ?

ಡಿಟಿಪಿ_ಅಣ್ಣ:

ಅವ್ರು ಪುಟದ ಚಿತ್ರಾನ ಜೆಪೆಗ್ 2000 ಅಂತ ಒಂದು ರೀತೀಲಿ ಗಟ್ಟಿಯಾಗಿ ಒತ್ತಿ ಇಟ್ಟಿರ್ತಾರೆ, ಫೈಲ್ ಚಿಕ್ಕದಾಗುತ್ತೆ, ಆದ್ರೆ ಬಿಡಿಸೋಕೆ ರೀಡರಿನ ಬಡಪಾಯಿ ಪ್ರೊಸೆಸರಿಗೆ ಉಸಿರು ಕಟ್ಟುತ್ತೆ. ಕಂಪ್ಯೂಟರಲ್ಲಿ ಕೆ2ಪಿಡಿಎಫ್‌ಆಪ್ಟ್ ಅನ್ನೋ ತಂತ್ರಾಂಶ ಹಾಕಿ ಒಂದ್ಸಲ ಓಡ್ಸಿ, ನಿಮ್ಮ ಸ್ಕ್ರೀನ್ ಸೈಜಿಗೆ ಸರಿಯಾಗಿ ಹೊಸ ಪಿಡಿಎಫ್ ಮಾಡಿ ಕೊಡುತ್ತೆ, ಮಾರ್ಜಿನ್ನೂ ಅದೇ ತೆಗೆಯುತ್ತೆ, ಆಗ ಬ್ರಿಸ್ಸೂ ಬೇಡ. ಒಂದು ಪುಸ್ತಕಕ್ಕೆ ಚಹಾ ಕುಡಿದು ಬರೋಷ್ಟು ಹೊತ್ತು.

ಓದುಗುಳಿ_ಶಿವಮೊಗ್ಗ:

ಸರಿ ಹಾಗಾದ್ರೆ. ಆಪಲ್ಲಿ ತಗೊಂಡ ಪುಸ್ತಕ ಬಿಡೋಕೆ ಮನಸ್ಸಿಲ್ಲ, ಆದ್ರಿಂದ 7 ಇಂಚಿನ ಆಂಡ್ರಾಯ್ಡ್ ರೀಡರ್, ಕಪ್ಪು ಬಿಳುಪು, ಲೈಟ್ ಇರೋದು, ಬಟನ್ ಇರೋದು, ಅದ್ರಲ್ಲಿ ಕೊರೀಡರ್. ಅಪ್ಪನಿಗೂ ಬಟನ್ ಇದ್ರೆ ಅನುಕೂಲ, ಟಚ್ ಅಂದ್ರೆ ಅವ್ರು ಎಲ್ಲೋ ಒತ್ತಿ ಎಲ್ಲೋ ಹೋಗಿರ್ತಾರೆ. ಭಾನುವಾರ ಬೆಂಗಳೂರಲ್ಲಿ ಅಕ್ಕನ ಮಗನ ಹತ್ರ ಒಂದಿದೆ, ಆ ಪದಗಳ ಸಾಲು ಅದ್ರಲ್ಲಿ ಹಾಕಿ ನೋಡ್ತೀನಿ. ಪೇಡಾ ಅವ್ರೇ, ಕವರ್ ಬೇರೆ ತಗೋಬೇಕಾ?

ಪೇಡಾ_ಧಾರವಾಡ:

ತೊಗೋರಿ, ಗಟ್ಟಿ ಕವರೇ ತೊಗೋರಿ. ಇ-ಇಂಕ್ ಸ್ಕ್ರೀನ್ ಒಳಗ ಭಾಳ ಕಡೆ ತೆಳು ಗಾಜಿನ ಹಾಳಿ ಇರ್ತೈತಿ, ಮ್ಯಾಲ ಒಂದು ಗೀರೂ ಇರಂಗಿಲ್ಲ, ಒಳಗ ಸೀಳಿರ್ತೈತಿ, ಸ್ಕ್ರೀನ್ ಅರ್ಧ ಹಂಗ ನಿಂತುಬಿಡ್ತೈತಿ. ಒಡದದ್ದಕ್ಕ ಸಾಮಾನ್ಯವಾಗಿ ವಾರಂಟಿ ಬರಂಗಿಲ್ಲ, ಸ್ಕ್ರೀನ್ ಹಾಕಿಸೋದು ಹೊಸಾದು ತೊಗೊಂಡಂಗ. ಬಸ್ಸಿನ್ಯಾಗ ಬ್ಯಾಗ್ ತೊಡಿ ಮ್ಯಾಲ ಇಟ್ಕೋರಿ, ಡಬ್ಬಿ ನೀರಿನ ಬಾಟ್ಲಿ ಬ್ಯಾರೆ ಖಾನ್ಯಾಗ ಹಾಕ್ರಿ. ಮತ್ತ ಆ ಅಪ್ಪಾರಿಗೆ ಕೊಡೂ ಮುಂದ ವೈಫೈ ಬಂದ್ ಮಾಡಿ, ಹೋಮ್ ಸ್ಕ್ರೀನ್ ಮ್ಯಾಲ ಕೊರೀಡರ್ ಒಂದ ಇಟ್ಟು ಕೊಡ್ರಿ, ಇಲ್ಲಂದ್ರ ನಾಳೆ ಅದರಾಗೂ ಯೂಟ್ಯೂಬ್ ಹಚ್ಚಿ ಕುಂದ್ರತಾರ.